ಎರಡು ಸೂರಿನ ನೀರು

ದಾವಣಗೆರೆಯಲ್ಲಿ ನಮ್ಮ ಮನೆಗೂ ಪಕ್ಕದ ಸಾಹೇಬರ ಮನೆಗೂ ನಡುವೆ ಆರಡಿ ಅಗಲದ ಒಂದು ಸಂದಿ ಇತ್ತು. ಸಾಹೇಬರದ್ದು ಮಂಡಕ್ಕಿ ಭಟ್ಟಿ, ಅಪ್ಪನದ್ದು ಕಿರಾಣಿ ಅಂಗಡಿ. ಆ ಸಂದಿ ಯಾರದ್ದು ಎಂಬ ಜಗಳ ನಾನು ಹುಟ್ಟುವ ಮೊದಲೇ ಶುರುವಾಗಿತ್ತು. ನಮ್ಮ ಓಣಿಯ ಹಳೇ ರೂಢಿಯಲ್ಲಿ ಸೂರಿನ ನೀರು ಎಲ್ಲಿ ಬೀಳುತ್ತದೋ ಅಲ್ಲಿಯವರೆಗೂ ಜಾಗ ಆ ಮನೆಯವರದ್ದು. ಎರಡೂ ಮನೆಯ ಸೂರಿನ ನೀರು ಬೀಳುತ್ತಿದ್ದದ್ದು ಅಲ್ಲೇ. ಮಳೆ ಬಂತೆಂದರೆ ಇಬ್ಬರೂ ತಮ್ಮ ತಮ್ಮ ಬಾಗಿಲಲ್ಲಿ ನಿಂತು ತಮ್ಮ ತಮ್ಮ ನೀರನ್ನು ಅಭಿಮಾನದಿಂದ ನೋಡುತ್ತಿದ್ದರು. ಮಾತು ಮಾತ್ರ ಇಲ್ಲ. ಅಮ್ಮ ಮತ್ತು ಸಾಹೇಬರ ಹೆಂಡತಿ ಚಾಚಿ ಮಾತ್ರ ಹಿತ್ತಲ ಗೋಡೆಯ ಮೇಲೆ ಚಟ್ನಿ, ಸಾರು ದಾಟಿಸುತ್ತಲೇ ಇದ್ದರು. ಗಂಡಸರ ಹಟಕ್ಕೆ ಅಡುಗೆಮನೆ ಯಾಕೆ ಬಾಯಿ ಮುಚ್ಚಬೇಕು?

ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲ. ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಐವತ್ತರ ಹತ್ತಿರದ ಹೆಂಗಸೊಬ್ಬಳು ಗಂಟು ತಬ್ಬಿಕೊಂಡು ಆ ಸಂದಿಯಲ್ಲಿ ಗೋಡೆಗೆ ಅಂಟಿ ನಿಂತಿದ್ದಳು. ಹರಿಹರದವಳು. ಹೊಳೆದಂಡೆಯಲ್ಲಿದ್ದ ಗುಡಿಸಲು ನೀರಿಗೆ ಹೋಗಿತ್ತು, ಗಂಡ ಅದಕ್ಕೂ ಮೊದಲೇ ಹೋಗಿದ್ದ. ಹಗಲು ಭಟ್ಟಿಗಳಲ್ಲಿ ಮಂಡಕ್ಕಿಗೆ ಜರಡಿ ಹಿಡಿಯುತ್ತಿದ್ದಳು. ಮಲಗುವುದು ಇಂದು ಸ್ಟೇಷನ್ನು, ನಾಳೆ ಯಾವುದೋ ಅಂಗಡಿಯ ಕಟ್ಟೆ.

ಅಪ್ಪ ಊಟಕ್ಕೆ ಬಂದವರು ನೋಡಿದರು. "ಯಾರಮ್ಮ ನಿನ್ನ ಇಲ್ಲಿ ಕೂಡು ಅಂದೋರು?"

"ಆ ಮನಿ ಅಮ್ಮಾರು ಅಂದ್ರುರೀ," ಎಂದು ಆಕೆ ಚಾಚಿಯ ಮನೆ ತೋರಿಸಿದಳು.

ಪಾಪ, ಆಕೆಗೇನು ಗೊತ್ತು? ಅಪ್ಪನ ಮುಖ ಕೆಂಪಾಯಿತು. "ನನ್ನ ಜಾಗದಾಗ ಕೂಡು ಅನ್ನಾಕ ಅವರ‍್ಯಾರು? ನಾನು ಹೇಳ್ತೀನಿ, ನೀನು ಇಲ್ಲೇ ಕೂಡು! ಯಾರು ಎಬ್ಬಸ್ತಾರೋ ನೋಡ್ತೀನಿ."

ಸಂಜೆ ಭಟ್ಟಿಯಿಂದ ಬಂದ ಸಾಹೇಬರಿಗೆ ಸುದ್ದಿ ಮುಟ್ಟಿತು. ಅವರು ಸಂದಿಯ ಬಾಯಲ್ಲಿ ನಿಂತು ನಮಗೆ ಕೇಳುವ ಹಾಗೆ ಗುಡುಗಿದರು. "ಕೂಡಾಕ ಸಾವ್ಕಾರ‍್ರ ಪರ್ಮಿಷನ್ ಬ್ಯಾಡಮ್ಮ. ಜಾಗ ನಂದೈತೆ. ನಾನು ಹೇಳ್ತೀನಿ, ಇಲ್ಲೇ ಇರು!"

ಇದನ್ನು ಈಗ ಯಾರಾದರೂ ದಾನಧರ್ಮ ಎಂದು ಹೊಗಳಿದರೆ ನನಗೆ ನಗು ಬರುತ್ತದೆ. ಅದು ಶುದ್ಧ ಹಟ. ಆದರೆ ಹಟಕ್ಕೂ ಒಂದು ಸೂರು ಬೇಕಲ್ಲ. ಅಪ್ಪ ಎರಡು ತಗಡು ಕೊಟ್ಟರು ಎಂದು ಸಾಹೇಬರು ಮೂರು ತಗಡು ತರಿಸಿದರು. ತಗಡಿನ ಇಳಿಜಾರು ಯಾರ ಕಡೆ ಇರಬೇಕು ಎನ್ನುವುದಕ್ಕೆ ಅರ್ಧ ದಿನ ಹಿಡಿಯಿತು, ಕೊನೆಗೆ ಯಾರಿಗೂ ಬೇಡ ಎಂದು ನೀರನ್ನು ಬೀದಿಗೆ ಬಿಟ್ಟರು. ಮೂಲೆಮನೆಯ ಬಡಿಗೇರರು ಎಲ್ಲೋ ಕೆಡವಿದ ಮನೆಯ ಬಾಗಿಲೊಂದನ್ನು ಹೊತ್ತು ತಂದು, ಉದ್ದವಾಯಿತೆಂದು ಕೆಳಗಡೆ ಗೇಣುದ್ದ ಕೊಯ್ದು ನಿಲ್ಲಿಸಿದರು. ಓಣಿಯ ಹೆಂಗಸರು ಚಾಪೆ, ಕೊಡ, ಒಲೆಗೆ ಮೂರು ಕಲ್ಲು ಕೂಡಿಸಿದರು. ಆಕೆಗೆ ಜ್ವರ ಬಂದಾಗ ಗಂಜಿಗೆ ಮನೆಮನೆಗೆ ಪಾಳಿ ಹಚ್ಚಿದವರು ನಮ್ಮಮ್ಮ.

ಆಕೆಯೂ ಜಾಣೆ. ಬೆಳಿಗ್ಗೆ ಎದ್ದು ನಮ್ಮ ಅಂಗಳ ಗುಡಿಸಿದರೆ ಸಾಹೇಬರ ಅಂಗಳವನ್ನೂ ಅಷ್ಟೇ ಗುಡಿಸುತ್ತಿದ್ದಳು. ಜಾಗ ಯಾರದ್ದು ಎಂದು ಯಾರು ಕೇಳಿದರೂ "ಕೊಟ್ಟೋರದ್ದುರೀ" ಎನ್ನುತ್ತಿದ್ದಳು. ಇಬ್ಬರಿಗೂ ಖುಷಿ. ನಾವೆಲ್ಲ ಆಕೆಯನ್ನು ಸಂದಿಯಮ್ಮ ಎಂದೇ ಕರೆಯುತ್ತಿದ್ದೆವು.

ಹೀಗೇ ಐದು ವರ್ಷ. ಆಮೇಲೆ ಒಂದು ದಿನ ಅಪ್ಪ ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕುಸಿದರು. ಅವರನ್ನು ಮಂಡಕ್ಕಿ ಚೀಲದ ಗಾಡಿಯಲ್ಲಿ ಮಲಗಿಸಿ ಆಸ್ಪತ್ರೆಗೆ ಓಡಿಸಿದವರು ಸಾಹೇಬರೇ. ಮನೆಗೆ ಮರಳಿದ ಅಪ್ಪ ಅವರ ಕೈ ಹಿಡಿದು ಅತ್ತರು. ನಮಗೂ ಸಂತೋಷವೇ. ಆ ಸಂತೋಷ ಇದ್ದದ್ದು ಎರಡೇ ದಿನ. ಮೂರನೇ ದಿನ ಇಬ್ಬರೂ ಚಹಾ ಕುಡಿಯುತ್ತ ರಾಜಿಯಾದರು. ಸಂದಿ ಇಬ್ಬರಿಗೂ ಮೂರು ಮೂರು ಅಡಿ, ನಡುವೆ ಗೋಡೆ. ನಗರಸಭೆಯಿಂದ ಅಳೆಯುವವರು ಬರುವ ದಿನವೂ ನಿಗದಿಯಾಯಿತು.

ಸಂದಿಯಮ್ಮನ ಗತಿ? ಇಬ್ಬರಿಗೂ ನೆನಪಾಗಿಯೇ ಇರಲಿಲ್ಲ. ಜಗಳ ಇರುವವರೆಗೆ ಆಕೆಗೆ ಮನೆ ಇತ್ತು. ನನಗೆ ಎಂಥ ಸಿಟ್ಟು ಬಂತೆಂದರೆ ಅಪ್ಪನ ಜೊತೆ ಮಾತು ಬಿಟ್ಟೆ. ಚಾಚಿಯಂತೂ ಗೋಡೆಯ ಮೇಲಿಂದಲೇ ಇಬ್ಬರಿಗೂ ಒಟ್ಟಿಗೆ ಬೈದರು: "ಇಷ್ಟು ವರ್ಷ ಆಡಿದ್ರಿ, ಇನ್ನೊಂದು ನಾಲ್ಕು ವರ್ಷ ಜಗಳ ಆಡಾಕ ಏನಾಗಿತ್ತು ನಿಮಗ?"

ಅಳೆಯುವವರು ಬಂದ ಬೆಳಿಗ್ಗೆ ಸಂದಿಯಮ್ಮ ಯಾರೂ ಹೇಳದೆಯೇ ಗಂಟು ಕಟ್ಟಿದ್ದಳು. ಒಲೆಯ ಬೂದಿ ತೆಗೆದು, ನೆಲ ಸಾರಿಸಿ, ಬಾಗಿಲು ಎಳೆದುಕೊಂಡು ಬೀದಿಯಲ್ಲಿ ನಿಂತಿದ್ದಳು. "ನೀವಿಬ್ರೂ ಒಂದಾದ್ರಲ್ಲ, ಅಷ್ಟು ಸಾಕ್ರಿ," ಎಂದಳು. ವ್ಯಂಗ್ಯವಾಗಿ ಅಂದಿದ್ದರೆ ತಡೆದುಕೊಳ್ಳಬಹುದಿತ್ತು. ಆಕೆ ನಿಜವಾಗಿಯೂ ಸಂತೋಷದಿಂದ ಅಂದಳು.

ಟೇಪು ಹಿಡಿದವನು ಅಪ್ಪನನ್ನು ಕೇಳಿದ. "ಹೇಳ್ರಿ, ನಿಮ್ದು ಎಲ್ಲೀತನಕ?"

ಅಪ್ಪ ಸಂದಿಯ ಬಾಗಿಲು ತಳ್ಳಿ, ಆಕೆ ಸಾರಿಸಿದ್ದ ನೆಲ ನೋಡಿದರು. "ನಮ್ಮ ಗೋಡೀತನಕ. ಸಂದಿ ನಂದಲ್ಲ."

"ಹಂಗಾರೆ ನಿಮ್ದೇನ್ರಿ?" ಎಂದು ಆತ ಸಾಹೇಬರ ಕಡೆ ತಿರುಗಿದ.

"ನಂದೂ ಅಲ್ಲ," ಎಂದರು ಸಾಹೇಬರು.

"ಮತ್ತೆ ನಾನು ಏನಂತ ಬರೀಲಿ?"

"ಅದರಾಗ ಇರೋರ ಹೆಸರು ಬರ್ಕಳ್ರಿ," ಎಂದರು ಅಪ್ಪ.

"ಆಯ್ತು. ಹೆಸರೇನು?"

ಅಪ್ಪ ಅಮ್ಮನನ್ನು ನೋಡಿದರು. ಅಮ್ಮ ಚಾಚಿಯನ್ನು ನೋಡಿದರು. ಚಾಚಿ ನನ್ನನ್ನು ನೋಡಿದರು. ಐದು ವರ್ಷ ಗಂಜಿ ಕೊಟ್ಟ ಓಣಿ, ಅಪ್ಪನ ಮೇಲೆ ಸಿಟ್ಟಾದ ನಾನು, ಯಾರೂ ಆಕೆಯ ಹೆಸರು ಕೇಳಿರಲಿಲ್ಲ. ನಾಚಿಕೆಯಿಂದ ನನ್ನ ಕಣ್ಣಲ್ಲಿ ನೀರು ಬಂತು. ಆಕೆ ಗಂಟು ಕೆಳಗಿಟ್ಟು ಮೆಲ್ಲಗೆ ಹೇಳಿದಳು. ಆತನಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿದಳು.

ಮರುದಿನ ಬೆಳಿಗ್ಗೆ ಅಪ್ಪ ಸಂದಿಯ ಬಾಗಿಲ ಮುಂದೆ ನಿಂತು ಆ ಹೆಸರು ಹಿಡಿದು ಕರೆದರು. ಮತ್ತೆ ಕರೆದರು. ತನ್ನನ್ನೇ ಕರೆಯುತ್ತಿದ್ದಾರೆ ಎಂದು ಆಕೆಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.