ರಂಗಕ್ಕ ಹಾಕದ ನೀರು

ಕಂದಿಕೆರೆಯಲ್ಲಿ ಇವತ್ತು ಮೀಸೆ ತಿರುವಿಕೊಂಡು ಓಡಾಡುವ ಗಂಡಸರಲ್ಲಿ ಅರ್ಧದಷ್ಟು ಜನ ಒಂದು ಕಾಲಕ್ಕೆ ರಂಗಕ್ಕನ ಚಾಚಿದ ಕಾಲುಗಳ ಮೇಲೆ ಬೆತ್ತಲೆ ಬಿದ್ದು ಚೀರಿದವರೇ. ಕೂಸಿಗೆ ನೀರು ಹಾಕುವುದರಲ್ಲಿ ಆಕೆಯನ್ನು ಮೀರಿಸಿದವರಿಲ್ಲ. ಕೊಬ್ಬರಿ ಎಣ್ಣೆ ತಿಕ್ಕಿ, ಮೂಗು ನೀವಿ, ಹಬೆಯಾಡುವ ನೀರು ಸುರಿದು, ಸಾಂಬ್ರಾಣಿ ಹೊಗೆ ಕೊಟ್ಟರೆ ಕೂಸು ಮೂರು ಗಂಟೆ ಮಿಸುಕುತ್ತಿರಲಿಲ್ಲ. ಊರಿನ ಮೂಗುಗಳೆಲ್ಲ ತನ್ನ ಕೈಯವೇ ಎಂದು ಹೇಳಿಕೊಳ್ಳುತ್ತಿದ್ದಳು. ಕೆಲವು ಮೂಗುಗಳನ್ನು ನೋಡಿದರೆ, ಯಾಕಾದರೂ ಹೇಳಿಕೊಳ್ಳುತ್ತಾಳೋ ಎನಿಸುತ್ತಿತ್ತು.

ಇಂಥವಳ ಮಗಳು ತನುಶ್ರೀಗೆ ಎಂಟು ತಿಂಗಳಿಗೇ ಅವಳಿ ಹೆಣ್ಣುಮಕ್ಕಳು ಹುಟ್ಟಿದವು. ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ದೊಡ್ಡದು ಎರಡು ಕೆಜಿ, ಚಿಕ್ಕದು ಒಂದೂ ಮುಕ್ಕಾಲು. ಹಿಂದೆಯೇ ಆಶಾ ಕಾರ್ಯಕರ್ತೆ ಧನಲಕ್ಷ್ಮಿ ಬಂದಳು.

"ರಂಗಕ್ಕ, ಎರಡೂವರೆ ಕೆಜಿ ಆಗೋಗಂಟ ನೀರು ಹಾಕಂಗಿಲ್ಲ ಕಣ್ರೀ. ಒಂದನ್ನ ತನು ಎದೆಗೆ ಕಟ್ಕೊಳ್ಳಲಿ, ಇನ್ನೊಂದನ್ನ ನೀವು ಕಟ್ಕೊಳ್ಳಿ."

"ಬಿಸಿನೀರು ಹಾಕಿದ್ರೆ ಏನಾಯ್ತದೆ ಕಣವ್ವ?"

"ಮೈ ಒದ್ದೆ ಆದ್ಮೇಲೆ ಆ ಬಿಸಿ ಎಷ್ಟೊತ್ತಿರ್ತದೆ? ಅವಳಿ ಕೂಸು, ತಿಂಗಳು ತುಂಬಿಲ್ಲ, ಮೈಯಾಗೆ ಕೊಬ್ಬೇ ಇಲ್ಲ. ತಣ್ಣಗಾಗೋಯ್ತವೆ. ಇನ್ನೊಂದು, ಚಿಕ್ಕದು ಅಳಲ್ಲ ಅಂತ ಹಂಗೇ ಬುಡಬ್ಯಾಡಿ. ಅದಕ್ಕೆ ಅಳೋಕೂ ಶಕ್ತಿ ಇಲ್ಲ. ಎರಡು ಗಂಟೆಗೊಂದ್ಸಲ ಎಬ್ಬಿಸಿ ಎದೆಹಾಲು ಕುಡಿಸ್ರಿ."

ಬೆಳಗಿನಿಂದ ಅದನ್ನು ಸಾಧು ಕೂಸೆಂದು ಹೊಗಳುತ್ತಿದ್ದ ರಂಗಕ್ಕ ಥಟ್ಟನೆ ಕೂಸಿನತ್ತ ಬಗ್ಗಿದಳು. ಪಾದ ಮುಟ್ಟಿ ನೋಡಿದಳು, ತಣ್ಣಗಿತ್ತು. ರವಿಕೆ ಬಿಚ್ಚಿ ಕೂಸನ್ನು ಎದೆಗೆ ಆನಿಸಿಕೊಂಡು ಸೆರಗು ಸುತ್ತಿದಳು.

ಆದರೆ ಬೀದಿಗೆ ಏನು ಹೇಳುವುದು? ಊರ ಕೂಸುಗಳಿಗೆಲ್ಲ ನೀರು ಹಾಕಿದವಳು ಸ್ವಂತ ಮೊಮ್ಮಕ್ಕಳಿಗೆ ಹಾಕಲು ಹೆದರಿದಳೆಂದರೆ ಮಾನ ಉಳಿಯುತ್ತದೆಯೇ? ಮರುದಿನದಿಂದ ಬೆಳಿಗ್ಗೆ ಅರ್ಧ ಗಂಟೆ ಎರಡೂ ಕೂಸುಗಳನ್ನು ತನುಶ್ರೀಯ ಎದೆಯ ಮೇಲೆ ಬಿಟ್ಟು, ಹಂಡೆಗೆ ತೆಂಗಿನ ಮಟ್ಟೆಯ ಉರಿ ಹಾಕಿ, ಬಚ್ಚಲ ಬಾಗಿಲು ಮುಚ್ಚಿಕೊಂಡು ಬರೀ ಕಲ್ಲಿಗೆ ಚೊಂಬುಗಟ್ಟಲೆ ನೀರು ಸುರಿದಳು. ನಡುನಡುವೆ ತನ್ನ ತೊಡೆಯನ್ನೇ ತಟ್ಟಿಕೊಂಡು "ಆಯ್ತು ಕಣೇ ಬಂಗಾರ, ಆಯ್ತು" ಎಂದು ಮುದ್ದು ಮಾಡಿದಳು. ಕೂಸಿನ ಚೀರಾಟವೇ ಕೇಳದ್ದರಿಂದ ಹೆಂಗಸರು ಬೆರಗಾದರು. ಎಂಥ ಕೈಗುಣ! ನಿಜವಾಗಿ ನೀರು ಹಾಕಿದ ಮೂವತ್ತು ವರ್ಷಗಳಲ್ಲಿ ರಂಗಕ್ಕನಿಗೆ ಇಷ್ಟು ಹೆಸರು ಬಂದಿರಲಿಲ್ಲ.

ವಾರ ಕಳೆಯಿತು. ಎದುರುಮನೆಯ ಕಾಳಕ್ಕನ ಸೊಸೆ ಕೋಮಲಾಗೂ ದಿನ ತುಂಬದೆ ಹುಟ್ಟಿದ ಗಂಡುಕೂಸು. ಧನಲಕ್ಷ್ಮಿ ಅಲ್ಲೂ ಅದೇ ಮಾತು ಹೇಳಿದ್ದಳು. ಒಂದು ಬೆಳಿಗ್ಗೆ ಕಾಳಕ್ಕನ ಬಚ್ಚಲಿಂದ ಹೊಗೆ ಎದ್ದದ್ದು ಕಂಡ ರಂಗಕ್ಕ, ಎದೆಯ ಕೂಸಿನ ಸಮೇತ ಬರಿಗಾಲಲ್ಲಿ ಓಡಿದಳು.

ಕಾಳಕ್ಕ ಕಾಲು ಚಾಚಿ ಕೂತಿದ್ದಳು. ಕೂಸು ಬೆತ್ತಲೆ, ಮೈಗೆಲ್ಲ ಎಣ್ಣೆ. ಸುತ್ತ ನಾಲ್ಕು ಹೆಂಗಸರು.

"ಕಾಳಕ್ಕ, ಚೊಂಬು ಇಳಿಸು."

"ಯಾಕೆ? ನಿನ್ನ ಅವಳಿ ಕೂಸುಗಳಿಗಿಂತ ನನ್ನ ಮೊಮ್ಮಗ ದಪ್ಪ ಅವ್ನೆ. ಅವುಕ್ಕೆ ದಿನಾ ಹಾಕಿ ಏನಾಯ್ತು?"

ದಿನ ಚೆನ್ನಾಗಿಲ್ಲ, ನಾಳೆ ನಾನೇ ಬಂದು ಹಾಕುತ್ತೇನೆ ಎಂದುಬಿಟ್ಟರೆ ಮಾನವೂ ಉಳಿಯುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ನಾಳೆ ಏನು ಹೇಳುವುದು? ಕಾಳಕ್ಕನ ಕಾಲ ಮೇಲಿದ್ದ ಕೂಸಿನ ತುಟಿ ಆಗಲೇ ನೀಲಿಗಟ್ಟುತ್ತಿತ್ತು.

"ನಾನು ಒಂದಿನಾನೂ ಹಾಕಿಲ್ಲ ಕಣೇ."

ಹೆಂಗಸರು ನಕ್ಕರು. "ದಿನಾ ಸದ್ದು ಕೇಳಿದ್ದು ಸುಳ್ಳಾ?"

"ಕಲ್ಲಿನ ಮೇಲೆ ಸುರೀತಿದ್ದೆ. ಹಾಕೋಕೆ ಭಯ. ಹಾಕ್ಲಿಲ್ಲ ಅಂದ್ರೆ ನೀವು ನಗ್ತೀರಾ ಅಂತ ಅದೂ ಭಯ."

ಸೆರಗು ಸರಿಸಿ ಕೂಸಿನ ಕೈ ತೋರಿಸಿದಳು. ಒಂದು ಸಲ ಎಣ್ಣೆ ನೀರು ಬಿದ್ದಿದ್ದರೂ ಹೋಗಬೇಕಿದ್ದ ಆಸ್ಪತ್ರೆಯ ಪ್ಲಾಸ್ಟರಿನ ಅಂಟು ಕಪ್ಪಗೆ ಹಾಗೇ ಇತ್ತು. ನಗು ನಿಂತಿತು.

ಕಾಳಕ್ಕನ ಕೈಯ ಚೊಂಬು ಕೆಳಗಿಳಿಯಿತು. ರಂಗಕ್ಕ ಕೂಸಿನ ಮೈಯೊರೆಸಿ, ಒಳಗೆ ಮಲಗಿದ್ದ ಕೋಮಲಾಳ ಎದೆಗೆ ಆನಿಸಿ, ಕುಲಾವಿ ಹಾಕಿ ಸೀರೆ ಸುತ್ತಿದಳು.

"ಹಂಗಾರೆ ಇಷ್ಟ್ ದಿನ ಯಾತಕ್ಕೆ ಸುರಿದೆ?" ಎಂದಳು ಕಾಳಕ್ಕ.

"ನನ್ನ ಹೆಸರು ಉಳೀಲಿ ಅಂತ. ಅದು ಇವತ್ತು ನಿನ್ನ ಮೊಮ್ಮಗನ್ನ ತಿಂದಾಕ್ತಿತ್ತು."

ಅರ್ಧ ಗಂಟೆಯ ಮೇಲೆ ಕೋಮಲಾಳ ಎದೆಯ ಕೂಸು ಕಿರ್ರೆಂದು ಅತ್ತಿತು. ಅದು ಕೇಳಿಸಿದ ಮೇಲೆಯೇ ರಂಗಕ್ಕನಿಗೂ ಅಳು ಬಂದದ್ದು.