ಬಲಗಡೆ ಗೋಡೆ ಪಕ್ಕದ ಜಾಗ

ವರ್ತೂರಿನಲ್ಲಿ ನಾನು ಪಾಠ ಹೇಳಿಕೊಡುವ ರೂಮಿಗೆ ಬೆಳಿಗ್ಗೆ ಹತ್ತು ಗಂಟೆಗೆ ಬಿಸಿಲು ಬರುವುದು ಪಶ್ಚಿಮದ ಕಿಟಕಿಯಿಂದ. ಸುಳ್ಳಲ್ಲ. ರಸ್ತೆಯಾಚೆಯ ಆಫೀಸ್ ಕಟ್ಟಡಕ್ಕೆ ಮೈಯೆಲ್ಲ ಗ್ಲಾಸು. ಪೂರ್ವದ ಸೂರ್ಯನನ್ನು ಹಿಡಿದು ನಮ್ಮ ಕಡೆ ಎಸೆಯುತ್ತದೆ. "ಅಲ್ಲಿ ನಮ್ ರಾಗಿ ಒಲ ಇತ್ತು ಮೇಡಂ. ರಾಗಿ ಇಂಗೆ ಕಣ್ಣಿಗೆ ಒಡೀತಿರಲಿಲ್ಲ" ಎನ್ನುತ್ತಾರೆ, ರೂಮು ಬಿಟ್ಟುಕೊಟ್ಟಿರುವ ಓನರಮ್ಮ.

ಬರುವವರೆಲ್ಲ ಕಟ್ಟಡ ಕೆಲಸದವರ ಮಕ್ಕಳು. ದೊಡ್ಡವರ ಬ್ಯಾಚನ್ನು ಜೂನ್‌ನಲ್ಲಿ ಸರ್ಕಾರಿ ಶಾಲೆಗೆ ಸೇರಿಸುತ್ತೇವೆ. ಚಿಕ್ಕವರು ಇನ್ನೊಂದು ವರ್ಷ ನನ್ನ ಹತ್ತಿರವೇ. ಆ ಸಲ ಯಾದಗಿರಿ ಕಡೆಯ ಎಂಟು ವರ್ಷದ ಹುಡುಗಿಯೊಬ್ಬಳು ಕೊನೆಗೆ ಬಂದು ಸೇರಿದ್ದಳು. ಬಲಗಡೆ ಗೋಡೆ ಪಕ್ಕ ಉಳಿದಿದ್ದ ಜಾಗವೇ ಅವಳದ್ದಾಯಿತು. ಬೋರ್ಡ್ ನೋಡಿ ಬರಿ ಅಂದರೆ ಪಕ್ಕದವಳ ಸ್ಲೇಟು ನೋಡುತ್ತಿದ್ದಳು. ಕಣ್ಣಿನ ಕ್ಯಾಂಪಿನವರು "ಐಸ್ ಪರ್ಫೆಕ್ಟ್" ಅಂದಿದ್ದರು. ಸರಿ, ಹಾಗಾದರೆ ಇವಳೇ ಸ್ಲೋ ಎಂದು ಲಿಸ್ಟಿನಲ್ಲಿ ಅವಳ ಹೆಸರನ್ನು ಚಿಕ್ಕವರ ಕೆಳಗೆ ಬರೆದು ಬ್ಯಾಗಿಗೆ ಹಾಕಿಕೊಂಡಿದ್ದೆ. ಇಟ್ಟಿಗೆ ಹೊರುವ ಅವಳ ತಾಯಿ ಮಾತ್ರ ದಿನಾ ಸಂಜೆ ಕೇಳುತ್ತಿದ್ದಳು, "ಅಕ್ಕಾರ, ಈ ವರ್ಷ ಸಾಲಿಗೆ ಹೋಗ್ತಾಳಲ್ರಿ?"

ಅವತ್ತಿನ ಪಾಠ ಬೆಳಕು. ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ಇದನ್ನು ಒಂದೇ ಸೆಂಟೆನ್ಸಿನಲ್ಲಿ ಮುಗಿಸಿದ್ದರು: ಬೆಳಕು ವಸ್ತುವಿನ ಮೇಲೆ ಬಿದ್ದು, ಬೌನ್ಸ್ ಆಗಿ, ಕಣ್ಣಿಗೆ ಬರುತ್ತದೆ. ಚೆಂದದ ಕರ್ಸಿವ್‌ನಲ್ಲಿ ಹತ್ತು ಸಲ ಬರೆದು ಟೆನ್ ಔಟ್ ಆಫ್ ಟೆನ್ ತೆಗೆದುಕೊಂಡಿದ್ದೆ. ಹಾಗೆಂದರೇನು ಎಂದು ಸಿಸ್ಟರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆ ನೋಟ್‌ಬುಕ್ಕಿನ ವಾಸನೆ ಮಾತ್ರ ಇನ್ನೂ ನೆನಪಿದೆ.

ಶೂ ಡಬ್ಬಿಯೊಳಗೆ ಕೆಂಪು ಬಾಟಲಿ ಮುಚ್ಚಳ ಇಟ್ಟು, ಒಂದು ತುದಿಗೆ ತೂತು ಮಾಡಿಕೊಂಡು ಹೋಗಿದ್ದೆ.

"ಏನು ಕಾಣುತ್ತೆ?"

"ಏನೂ ಇಲ್ಲ ಮಿಸ್. ಕತ್ಲೆ."

"ಕಣ್ಣು ಬಿಟ್ಟಿದ್ದೀಯಾ?"

"ಬಿಟ್ಟಿದೀನಿ ಮಿಸ್, ಬೇಕಾದ್ರೆ ನೋಡಿ!"

ಅಲ್ಲಿಯವರೆಗೆ ಎಲ್ಲ ಪ್ಲಾನಿನಂತೆಯೇ. ಕಣ್ಣೊಂದೇ ಸಾಲದು, ಬೆಳಕೂ ಬೇಕು ಎಂದು ಹೇಳಿ, ಎದುರು ತುದಿಗೆ ಇನ್ನೊಂದು ತೂತು ಕೊರೆದು ಫೋನಿನ ಟಾರ್ಚ್ ಹಿಡಿದೆ. ಇಣುಕಿದವರೆಲ್ಲ ಕಣ್ಣುಜ್ಜಿಕೊಂಡರು. "ಅಯ್ಯೋ ಮಿಸ್, ಬರೀ ಲೈಟು!"

ಕಾಫಿ ತಂದ ಓನರಮ್ಮ ನಕ್ಕರು. "ಏನ್ ಮೇಡಂ, ಮುಚ್ಳ ಮಾಯ ಮಾಡ್ಬಿಟ್ರಾ?"

ನನಗೆ ನಾಚಿಕೆಯಾಯಿತು. ಆಗ ಗೋಡೆ ಪಕ್ಕದ ಹುಡುಗಿ ಬಂದು ಇಣುಕಿದಳು.

"ಅಕ್ಕಾರ, ಬೆಳಕು ಮುಚ್ಚಳದ ಮ್ಯಾಲೆ ಬಿದ್ದು ಬರಬೇಕಲ್ರಿ? ಇದು ಸೀದಾ ನಮ್ಮ ಕಣ್ಣಿಗೇ ಬರಾಕತ್ತೈತಿ." ಡಬ್ಬಿಯ ಮೇಲ್ಭಾಗ ಒಂಚೂರು ಎತ್ತಿ, ಟಾರ್ಚನ್ನು ಅಲ್ಲಿಂದ ಹಿಡಿದಳು. "ಈಗ ನೋಡ್ರಿ."

ಕೆಂಪು ಮುಚ್ಚಳ ಚೆನ್ನಾಗಿ ಕಾಣಿಸಿತು. ಅವಳು ತನ್ನ ಜಾಗಕ್ಕೆ ಹೋಗುತ್ತಾ, ದೊಡ್ಡ ವಿಷಯವೇ ಅಲ್ಲ ಎಂಬಂತೆ ಅಂದಳು, "ನಮ್ಮ ಬೋರ್ಡಿನಂಗ ಆಗಿತ್ರಿ."

"ಬೋರ್ಡಿಗೇನಾಗಿದೆ?"

"ಬರೇ ಬೆಳಕು ಇರ್ತೈತಲ್ರಿ. ಅಕ್ಷರ ಕಾಣಂಗಿಲ್ಲ."

"ನಮಗೆ ಕಾಣತ್ತೆ ಕಣೇ!" ಎಂದು ಎಡಗಡೆಯವರು ಕೂಗಿದರು.

ಮಂಡಿ ಹಿಡಿದುಕೊಂಡು ಅವಳ ಜಾಗದಲ್ಲಿ ಹೋಗಿ ಕೂತೆ. ಮೈ ಗಾಡ್! ಕಿಟಕಿಯಿಂದ ಬಂದ ಬಿಸಿಲು ಬೋರ್ಡಿನ ಮೇಲೆ ಬಿದ್ದು ನೇರ ನನ್ನ ಮುಖಕ್ಕೆ ಹೊಡೆಯುತ್ತಿತ್ತು. ನಾನು ಬರೆದಿದ್ದರಲ್ಲಿ ಒಂದಕ್ಷರವೂ ಕಾಣಲಿಲ್ಲ. ಪಳಪಳ ಅನ್ನಲಿ ಎಂದು ಆ ಹಲಗೆಗೆ ಆಯಿಲ್ ಪೇಂಟ್ ಹೊಡೆಸಿದವಳೂ ನಾನೇ.

"ಯಾಕೆ ಹೇಳಲಿಲ್ಲ ಮಗು?"

"ಎಲ್ಲಾರಿಗೂ ಹಿಂಗ ಕಾಣ್ತೈತಿ ಅನ್ಕೊಂಡಿದ್ನಿರಿ. ಅವರು ಶಾಣ್ಯಾರು, ಅದ್ರಾಗೂ ಓದ್ತಾರ ಅಂತ."

ಕಿಟಕಿಗೆ ಕಟ್ಟಲು ಹಳೇ ಸೀರೆ ತರುತ್ತೇನೆಂದು ಓನರಮ್ಮ ಎದ್ದರು.

"ಬ್ಯಾಡ್ರಿ," ಅಂದಳು ಹುಡುಗಿ. "ಕತ್ತಲಾದ್ರ ಯಾರಿಗೂ ಕಾಣಂಗಿಲ್ಲ. ಬೋರ್ಡ್ ಒಂಚೂರು ತಿರುಗಿಸ್ರಿ."

"ಅಬ್ಬಬ್ಬಾ, ಮೇಡಂಗೇ ಪಾಠ ಏಳ್ತಾಳಲ್ಲ ಇವ್ಳು!"

ಸ್ಟೂಲಿಗೆ ಒರಗಿಸಿದ್ದ ಹಲಗೆಯನ್ನು ನಾನೂ ಓನರಮ್ಮನೂ ತಿರುಗಿಸಿದೆವು. ಗೋಡೆ ಪಕ್ಕದಿಂದ ಅವಳು ಬೆರಳೆತ್ತಿ, ಒಂದೊಂದೇ ಅಕ್ಷರ ಕೂಡಿಸಿಕೊಂಡು, ಎಲ್ಲೂ ತಪ್ಪದೆ ಓದಿದಳು: ಪಾಠ, ಬೆಳಕು. ತಿಂಡಿ, ಉಪ್ಪಿಟ್ಟು. ಆಮೇಲೆ ನನ್ನ ಕಡೆ ತಿರುಗಿದಳು. "ಇವತ್ತೂ ಉಪ್ಪಿಟ್ಟೇನ್ರಿ?"

ಮಕ್ಕಳು ಉಪ್ಪಿಟ್ಟು ತಿನ್ನುವಾಗ ಲಿಸ್ಟ್ ತೆಗೆದು, ಚಿಕ್ಕವರ ಕೆಳಗಿದ್ದ ಅವಳ ಹೆಸರು ಹೊಡೆದುಹಾಕಿ ದೊಡ್ಡವರಲ್ಲಿ ಬರೆದೆ. ನನ್ನ ಕರ್ಸಿವ್ ಅಕ್ಷರ ಆಗ ಅಷ್ಟೇನೂ ಚೆಂದ ಬರಲಿಲ್ಲ. ಸಂಜೆ ಅವಳ ತಾಯಿ ತಲೆಯ ಸಿಂಬಿ ತೆಗೆಯುತ್ತಾ ಅದೇ ಪ್ರಶ್ನೆ ಕೇಳಿದಳು. "ಹೋಗ್ತಾಳಮ್ಮ," ಅಂದೆ. ತಪ್ಪು ನನ್ನದಾಗಿತ್ತು ಎಂದೂ ಹೇಳಿದೆ. ಅದು ಅವಳಿಗೆ ಬೇಕಿರಲಿಲ್ಲ. ಮಗಳ ಕೈ ಹಿಡಿದುಕೊಂಡು ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಮಾರನೇ ದಿನದಿಂದ ಪಾಠಕ್ಕೆ ಮುಂಚೆ ಚಾಪೆಯ ಒಂದೊಂದು ಜಾಗದಲ್ಲೂ ಕೂತು ಬೋರ್ಡ್ ನೋಡತೊಡಗಿದೆ. ಗೋಡೆ ಪಕ್ಕಕ್ಕೆ ಬರುವಷ್ಟರಲ್ಲಿ ಅವಳು ಸ್ಲೇಟು ಹಿಡಿದು ಕಾಯುತ್ತಾ ನಿಂತಿರುತ್ತಿದ್ದಳು. "ಕಾಣಸ್ತೈತ್ರಿ ಅಕ್ಕಾರ. ಇನ್ನ ಏಳ್ರಿ, ನನ್ನ ಜಾಗ ಅದು."