ಉಪ್ಪುನೀರಿನ ಚೀಲ ಬೇಕೋ ಬೇಡವೋ

ಅಂದು ಬೆಳಿಗ್ಗೆಯೂ ಎಂದಿನಂತೆ ಸ್ನಾನ, ಅಂಗೈಯಲ್ಲಿ ಲಿಂಗಪೂಜೆ, ಆಮೇಲೆ ಕುಪ್ಪಸದ ಎಡಬದಿಗೆ ನಾಲ್ಕು ಮಡಿಕೆಯ ಕರವಸ್ತ್ರ. ಕ್ಯಾನ್ಸರಾಗಿ ಆ ಕಡೆಯ ಮೊಲೆ ತೆಗೆದು ವರ್ಷವಾಗಿತ್ತು. ಕೊರಳಲ್ಲಿ ತೂಗುವ ಲಿಂಗದ ಬೆಳ್ಳಿ ಕರಡಿಗೆ ಸಪಾಟಾದ ಕಡೆಗೇ ಜಾರುತ್ತದೆಂದು ದೂರಿದ್ದಕ್ಕೆ ಡಾಕ್ಟರು ಸಲೈನ್ ಇಂಪ್ಲಾಂಟ್ ಸೂಚಿಸಿದ್ದರು. ಉಪ್ಪುನೀರು ತುಂಬಿದ ಚೀಲ, ಚರ್ಮದಡಿ ಕೂಡಿಸುತ್ತಾರೆ. ಮರುದಿನ ಫೋನ್ ಮಾಡಿ ನಾನು ಹೂಂ ಅಥವಾ ಉಹೂಂ ಹೇಳಬೇಕಿತ್ತು.

ಕಾನ್ವೆಂಟ್ ಶಾಲೆಯಲ್ಲಿ ಸಿಸ್ಟರುಗಳು ಕಲಿಸಿದಂತೆ ಹಾಳೆಯ ನಡುವೆ ಗೆರೆ ಎಳೆದು ಒಂದು ಕಡೆ ಬೇಕು, ಇನ್ನೊಂದು ಕಡೆ ಬೇಡ ಎಂದು ಬರೆದೆ. ಒಡೆದರೆ ಬರೀ ಉಪ್ಪುನೀರು, ಮೈ ಹೀರಿಕೊಳ್ಳುತ್ತದೆ; ಅದು ಒಳ್ಳೆಯದು. ಆದರೆ ಎದೆ ಇಳಿದುಹೋಗುತ್ತದೆ. ಮದುವೆಮನೆಯಲ್ಲಿ ಬಡಿಸುತ್ತಿರುವಾಗಲೇ ಇಳಿದರೆ? ನನ್ನಂಥ ತೆಳು ಚರ್ಮದಲ್ಲಿ ಸುಕ್ಕು ಕಾಣಬಹುದಂತೆ, ಮುಂದೆ ಎಂದಾದರೂ ಬದಲಿಸಬೇಕಾದೀತಂತೆ, ಅಂದರೆ ಮತ್ತೆ ಕತ್ತರಿ. ನೀರು ಹೆಚ್ಚುಕಡಿಮೆ ಮಾಡಿ ಅಳತೆ ಹೊಂದಿಸುತ್ತಾರೇನೋ ಸರಿ, ನನ್ನ ಬಲಗಡೆಯದು ಆಗಲೇ ನೆಲ ನೋಡುತ್ತಿತ್ತು. ಒಂದು ಉದಗೀರ ಕೋಟೆಯ ಬುರುಜು, ಇನ್ನೊಂದು ಕಂದಕ!

ಗಂಡನನ್ನು ಕೇಳಿದೆ. ಮರಾಠಿ ಪೇಪರಿನ ಹಿಂದಿನಿಂದಲೇ, "ನಿನಗ ಹ್ಯಾಂಗ ಛಲೋ ಅನಸ್ತದ ಹಂಗ ಮಾಡು" ಅಂದರು. ಪರದೆಯ ಬಟ್ಟೆ ಆರಿಸುವಾಗಲೂ ಅವರದು ಇದೇ ಮಾತು.

ಕಡೆಗೆ ನಾನೇ ಪರೀಕ್ಷೆಗಿಳಿದೆ. ಖಾಲಿ ಹಾಲಿನ ಪಾಕೀಟು ತೊಳೆದು, ಸಾರಿಗೆ ಹಾಕುವಷ್ಟು ಉಪ್ಪು ಕರಗಿಸಿದ ನೀರು ತುಂಬಿ, ರಬ್ಬರು ಸುತ್ತಿ ಕುಪ್ಪಸದೊಳಗಿಟ್ಟು ರೊಟ್ಟಿ ಬಡಿಯಲು ಕೂತೆ. ನಾನೊಂದು ಏಟು ಬಡಿದರೆ ಒಳಗಿನಿಂದ ಅದೊಂದು ಬಡಿಯುತ್ತಿತ್ತು. ಮೂರನೇ ರೊಟ್ಟಿಗೆ ಬಗ್ಗಿದಾಗ ರಬ್ಬರು ಬಿಚ್ಚಿ ಅರ್ಧ ನೀರು ನನಗೆ, ಅರ್ಧ ಹಿಟ್ಟಿಗೆ. ಜೋಳದ ಹಿಟ್ಟಿಗೆ ಉಪ್ಪು ಹಾಕದ ಮನೆ ನಮ್ಮದು. ಅಂದು ಗಂಡ ಎರಡು ರೊಟ್ಟಿ ಹೆಚ್ಚು ತಿಂದರು.

ಒಣ ಕುಪ್ಪಸ ತೊಟ್ಟೆ, ಕರವಸ್ತ್ರ ಇಡಲಿಲ್ಲ. ಮಧ್ಯಾಹ್ನವೆಲ್ಲ ಹಾಗೇ ಓಡಾಡಿದೆ. ಬೇಡವೆಂದೇ ಹೇಳಿಬಿಡೋಣ ಅನ್ನಿಸಿತು. ಆದರೆ ಹೀಗೆ ನಾಲ್ಕು ಜನರ ಮುಂದೆ ನಿಲ್ಲಬಲ್ಲೆನೇ? ಅದನ್ನು ಗೆರೆಯ ಯಾವ ಕಡೆ ಬರೆಯಬೇಕೋ ತಿಳಿಯಲಿಲ್ಲ.

ಸಂಜೆ ಪಕ್ಕದ ಮನೆಯಾಕೆ ಹೆಪ್ಪಿಗೆ ಮೊಸರು ಕೇಳುತ್ತ ಬಂದಳು. ಸೆರಗು ಎಳೆದುಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ಮೊಸರಿನ ಗಡಿಗೆ. ಆಕೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ವೈನಿ, ಇವತ್ತ ತಲಿ ತೊಳಕೊಂಡೀರೇನ್ರಿ? ಮಾರಿ ಭಾಳ ತಾಜಾ ಕಾಣ್ಲತ್ತದ."